ವಿಚ್ಛೇದನದ ಕಾಗದವನ್ನು ಮುಚ್ಚಿಡಬೇಡಿ

ಕಳೆದ ವರ್ಷ ದಸರಾ ಮುಗಿದ ವಾರ. ಹಿಂಜವಡಿಯಿಂದ ಮನೆಗೆ ಹೊರಟವನು ಎಂದಿನಂತೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೆ. ಹುಬ್ಬಳ್ಳಿಯಿಂದ ಕಾಕಾ ಫೋನ್ ಮಾಡಿದರು. ಸಾಮಾನ್ಯವಾಗಿ ಜೋರಾಗಿ ಮಾತಾಡುವ ಕಾಕಾ ಅಂದು ದನಿ ತಗ್ಗಿಸಿದ್ದರು. "ನೀ ಕಂಪ್ಯೂಟರ್ ಮಂದಿ ಇದ್ದೀಯಪ. ಅಮೆರಿಕಾದಾಗ ಎಲ್ಲಾ ಆನ್‌ಲೈನ್ ಇರ್ತದಂತ. ನಮ್ಮ ಹುಡುಗಿದು ಆ ಡೈವೋರ್ಸ್ ಕಾಗದ ಒಂದು ತಗದು ಕೊಡು. ಒಂದೆರಡು ದಿನದಾಗ ಆಗ್ತದಲ್ಲ?"

ಆಗುತ್ತದೆ ಎಂದುಕೊಂಡೇ "ಹೂಂ ಕಾಕಾ" ಎಂದೆ. ಕಾಗದ ಕೈಗೆ ಬರಲು ಹನ್ನೊಂದು ವಾರ ಹಿಡಿಯಿತು. ಆ ಹನ್ನೊಂದು ವಾರಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಂಗಿಯ ಒಪ್ಪಿಗೆ ಕೇಳಿದ್ದೇನೆ. "ನನ್ನ ಹೆಸರು ಬ್ಯಾಡ, ಉಳಿದಿದ್ದೆಲ್ಲಾ ಬರಿ" ಎಂದಿದ್ದಾಳೆ.

ಕಾಕಾನ ಮಗಳು ಎಂದರೆ ನನಗೆ ತಂಗಿಯೇ. ಮದುವೆಯಾಗಿ ಟೆಕ್ಸಾಸ್‌ಗೆ ಹೋದಳು. ಸಂಸಾರ ನಾಲ್ಕು ವರ್ಷ ನಡೆಯಿತು. ಇಬ್ಬರೂ ಒಪ್ಪಿ ಅಲ್ಲಿನ ಕೋರ್ಟಿನಲ್ಲೇ ಬೇರೆಯಾದರು. ಎರಡು ಸೂಟ್‌ಕೇಸ್ ಹಿಡಿದು ಊರಿಗೆ ಬಂದಳು. ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತದಿರುವುದೇ ಅವಳ ಮೇಲಿನ ಪ್ರೀತಿ ಎಂದು ಎಲ್ಲರೂ ನಂಬಿದ್ದೆವು, ನಾನೂ ಸೇರಿ. ಕಾಕು ಒಮ್ಮೆ ಅವಳ ಫೈಲುಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದರಂತೆ. "ಅದನ್ನ ನೋಡಿ ನೋಡಿ ಯಾಕ ಸಂಕಟ ಪಡಬೇಕು" ಎಂಬುದು ಅವರ ಮಾತು.

ಈಗ ಬೆಳಗಾವಿ ಕಡೆಯ, ಪುಣೆಯಲ್ಲೇ ಕೆಲಸದಲ್ಲಿರುವ ಹುಡುಗನೊಂದಿಗೆ ಮದುವೆ ಮಾತಾಗಿತ್ತು. ವಿಶೇಷ ವಿವಾಹ ಕಾಯ್ದೆಯಡಿ ಪುಣೆಯಲ್ಲೇ ನೋಂದಣಿ ಎಂದು ಇಬ್ಬರೂ ತೀರ್ಮಾನಿಸಿದ್ದರು. ಆ ಕಾಯ್ದೆಯ ಮೊದಲ ಷರತ್ತೇ ಇಬ್ಬರಿಗೂ ಬದುಕಿರುವ ಗಂಡ ಅಥವಾ ಹೆಂಡತಿ ಇರಬಾರದು ಎಂಬುದು. 30 ದಿನಗಳ ನೋಟಿಸ್ ಕೊಡಲು ಹೋದಾಗ ಕಚೇರಿಯಲ್ಲಿ ಕೇಳಿದ್ದು ವಿಚ್ಛೇದನದ ಡಿಕ್ರಿಯ ದೃಢೀಕೃತ ಪ್ರತಿ. ತಂಗಿಯ ಬಳಿ ಇದ್ದದ್ದು ಇಷ್ಟೇ: "ಅಣ್ಣಾ, ನನ್ನ ಹತ್ರ ಒಂದು ಫೋಟೋ ಅದ. ಫೋನ್‌ನಾಗ. ಕಡೀ ಪುಟದ್ದು." ಅಟ್ಟದ ಮೇಲಿನ ಕಟ್ಟು ಬಿಚ್ಚಿದರೆ ಅದರಲ್ಲಿ ಬಾಡಿಗೆ ಕರಾರು, ವಿಮೆಯ ಕಾಗದ, ವೀಸಾ ಕಾಗದ ಎಲ್ಲವೂ ಇದ್ದವು, ಡಿಕ್ರಿ ಒಂದನ್ನು ಬಿಟ್ಟು.

ಸಾಫ್ಟ್‌ವೇರ್‌ನವನಲ್ಲವೇ, ನಾನು ಮೊದಲು ಮಾಡಿದ ತಪ್ಪು ಅದಕ್ಕೆ ತಕ್ಕಂತೆಯೇ ಇತ್ತು. ಎಲ್ಲೋ ಒಂದು ದೊಡ್ಡ ಡೇಟಾಬೇಸ್ ಇರುತ್ತದೆ, ಹೆಸರು ಹಾಕಿದರೆ ದಾಖಲೆ ಬರುತ್ತದೆ ಎಂದುಕೊಂಡೆ. ಹುಡುಕಿದಾಗ ಮೊದಲ ಪುಟದಲ್ಲೇ ಬಂದ ಖಾಸಗಿ ತಾಣವೊಂದಕ್ಕೆ ಮೂವತ್ತು ಡಾಲರ್ ಕಟ್ಟಿದೆ. ಸಿಕ್ಕಿದ್ದು ತಂಗಿ ಹಿಂದೆ ಇದ್ದ ಎರಡು ವಿಳಾಸ ಮತ್ತು ಅವಳಿಗೆ ಸಂಬಂಧವೇ ಇಲ್ಲದ ಮೂವರ ಹೆಸರು. ಇಂಥ ತಾಣಗಳು ಅಲ್ಲಿ ಇಲ್ಲಿ ಆಯ್ದ ಮಾಹಿತಿಯನ್ನು ಮಾರುತ್ತವೆ. ಡಿಕ್ರಿಯ ದೃಢೀಕೃತ ಪ್ರತಿ ಕೊಡುವ ಅಧಿಕಾರ ಇರುವುದು ಆ ದಾಖಲೆಯನ್ನು ಕಾಪಾಡುವ ಕೋರ್ಟಿನ ಕ್ಲರ್ಕ್ ಕಚೇರಿಗೆ ಮಾತ್ರ.

ಅಮೆರಿಕದಲ್ಲಿ ವಿಚ್ಛೇದನ ಕೇಂದ್ರ ಸರ್ಕಾರದ ವಿಷಯವಲ್ಲ, ಆಯಾ ರಾಜ್ಯದ್ದು. ಅಲ್ಲಿನ ಫೆಡರಲ್ ಕೋರ್ಟುಗಳ ದಾಖಲೆಗಳಿಗೆ ಪೇಸರ್ ಎಂಬ ಒಂದೇ ವ್ಯವಸ್ಥೆ ಇದೆ. ಆದರೆ ಗಂಡ ಹೆಂಡತಿಯ ವ್ಯಾಜ್ಯ ಅದರಲ್ಲಿ ಇರುವುದಿಲ್ಲ. ಅದು ಉಳಿಯುವುದು ಕೌಂಟಿಯಲ್ಲಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದಂತೆ, ಆದರೆ ಸಂಖ್ಯೆ ನಮ್ಮಂತಲ್ಲ. ಟೆಕ್ಸಾಸ್ ಒಂದರಲ್ಲೇ 254 ಕೌಂಟಿಗಳಿವೆ. ಕ್ಯಾಲಿಫೋರ್ನಿಯಾದಲ್ಲಿ 58, ನ್ಯೂಯಾರ್ಕ್ ರಾಜ್ಯದಲ್ಲಿ 62. ಇಡೀ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು. ಯಾವ ಕೌಂಟಿಯ ಕೋರ್ಟು ಡಿಕ್ರಿ ಕೊಟ್ಟಿತೋ ಅಲ್ಲಿಯೇ ಕೇಳಬೇಕು. ಪಕ್ಕದ ಕೌಂಟಿಯವರಿಗೆ ಅದರ ಗೊಡವೆ ಇಲ್ಲ.

"ಎಲ್ಲಿದ್ರಿ ನೀವು?" ಎಂದರೆ ತಂಗಿ "ಡಲ್ಲಾಸ್" ಎಂದಳು. ಪುಣೆಯಲ್ಲಿರುವವರು ಪಿಂಪ್ರಿಯಲ್ಲಿದ್ದರೂ ಪುಣೆ ಎನ್ನುವಂತೆ. ಡಲ್ಲಾಸ್ ಎಂದು ನಾವು ಕರೆಯುವ ಪ್ರದೇಶ ಡಲ್ಲಾಸ್, ಕಾಲಿನ್, ಡೆಂಟನ್, ಟ್ಯಾರಂಟ್ ಎಂಬ ಹಲವು ಕೌಂಟಿಗಳಲ್ಲಿ ಹರಡಿದೆ. ನಮ್ಮವರು ಹೆಚ್ಚಾಗಿರುವ ಫ್ರಿಸ್ಕೋ ಊರಂತೂ ಅರ್ಧ ಕಾಲಿನ್‌ನಲ್ಲಿ, ಅರ್ಧ ಡೆಂಟನ್‌ನಲ್ಲಿ. ಕ್ಯಾಲಿಫೋರ್ನಿಯಾದ ಕಥೆಯೂ ಇದೇ. ಸನ್ನಿವೇಲ್, ಕುಪರ್ಟಿನೋ ಸಾಂಟಾ ಕ್ಲಾರಾ ಕೌಂಟಿಗೆ ಸೇರಿದರೆ, ಅಲ್ಲಿಂದ ಕೆಲವೇ ಮೈಲಿ ದೂರದ ಫ್ರೀಮಾಂಟ್ ಅಲಮೇಡಾ ಕೌಂಟಿಗೆ.

ನಾವು ಮೊದಲು ಹುಡುಕಿದ ಕೌಂಟಿಯಲ್ಲಿ ಏನೂ ಸಿಗಲಿಲ್ಲ. ಅದನ್ನು ಕಾಕಾಗೆ ಹೇಳಿದ್ದು ನನ್ನ ಎರಡನೇ ತಪ್ಪು. ಆ ಕಡೆ ಬಹಳ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ, "ಹಂಗಾರ ಡೈವೋರ್ಸ್ ಆಗೇ ಇಲ್ಲೇನು?" ಎಂದರು. ಆ ರಾತ್ರಿ ತಂಗಿ ನಿದ್ದೆ ಮಾಡಲಿಲ್ಲ ಎಂದು ಆಮೇಲೆ ತಿಳಿಯಿತು. ತನ್ನ ಕಣ್ಣೆದುರೇ ಮುಗಿದ ಸಂಬಂಧ ಕಾಗದದಲ್ಲಿ ಮುಗಿದಿಲ್ಲವೇನೋ ಎಂಬ ಭಯ ಅದು. ಆ ಭಯಕ್ಕೆ ಕಾರಣವೂ ಇತ್ತು. ಮೊದಲ ಮದುವೆ ಕಾನೂನಿನ ದೃಷ್ಟಿಯಲ್ಲಿ ಉಳಿದಿದ್ದರೆ ಎರಡನೆಯದು ಅನೂರ್ಜಿತ. ಅದು ಅಪರಾಧವೂ ಹೌದು. ಹಿಂದೆ ಭಾರತೀಯ ದಂಡ ಸಂಹಿತೆಯ 494ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ. ಏಳು ವರ್ಷದವರೆಗೆ ಶಿಕ್ಷೆ.

ದಾರಿ ತೋರಿಸಿದ್ದು ಟೆಕ್ಸಾಸ್ ಕಾನೂನಿನ ಒಂದು ಸಣ್ಣ ನಿಯಮ. ಅಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಬೇಕಾದರೆ ದಂಪತಿಗಳಲ್ಲಿ ಒಬ್ಬರಾದರೂ ಆ ರಾಜ್ಯದಲ್ಲಿ ಆರು ತಿಂಗಳು, ಆ ಕೌಂಟಿಯಲ್ಲಿ 90 ದಿನ ವಾಸವಿದ್ದಿರಬೇಕು. "ಅರ್ಜಿ ಹಾಕೋದಕ್ಕಿಂತ ಮೂರು ತಿಂಗಳು ಮೊದಲು ಯಾರು ಎಲ್ಲಿದ್ರಿ?" ಎಂದು ಕೇಳಿದೆ. ಅವಳು ಗೆಳತಿಯ ಮನೆಯಲ್ಲಿದ್ದಳು, ಆತ ಬೇರೆ ಅಪಾರ್ಟ್‌ಮೆಂಟಿಗೆ ಹೋಗಿದ್ದ. ಆ ಅಪಾರ್ಟ್‌ಮೆಂಟ್ ಪಕ್ಕದ ಕೌಂಟಿಯಲ್ಲಿತ್ತು. ಕೌಂಟಿ ಗೊತ್ತಾಗದವರಿಗೆ ಇನ್ನೊಂದು ದಾರಿಯೂ ಇದೆ. ಟೆಕ್ಸಾಸ್ ರಾಜ್ಯದ ಜನನ ಮರಣ ದಾಖಲೆಗಳ ಇಲಾಖೆ 1968ರಿಂದ ಈಚೆಗಿನ ವಿಚ್ಛೇದನಗಳ ಸೂಚಿ ಇಟ್ಟುಕೊಂಡಿದೆ, ಕೇಳಿದರೆ ಒಂದು ದೃಢೀಕರಣ ಪತ್ರ ಕೊಡುತ್ತದೆ. ಆದರೆ ಆ ಪತ್ರ ಡಿಕ್ರಿಯಲ್ಲ. ವಿಚ್ಛೇದನ ದಾಖಲಾಗಿದೆ ಎಂದಷ್ಟೇ ಹೇಳುತ್ತದೆ. ಅದನ್ನು ಹಿಡಿದು ಮದುವೆ ನೋಂದಣಿ ಕಚೇರಿಗೆ ಹೋದರೆ ವಾಪಸ್ ಕಳಿಸುತ್ತಾರೆ.

ಸರಿಯಾದ ಕೌಂಟಿ ಸಿಕ್ಕರೂ ಹೆಸರು ಸಿಗಲಿಲ್ಲ. ಇದು ನಮ್ಮ ಹೆಸರುಗಳ ಕರ್ಮ. ನಮ್ಮಲ್ಲಿ ಮೊದಲು ಊರು, ಆಮೇಲೆ ಅಪ್ಪನ ಹೆಸರು, ಆಮೇಲೆ ನಮ್ಮದು. ಇಲ್ಲವೇ ಮೊದಲು ನಮ್ಮದು, ಕೊನೆಗೆ ಮನೆತನದ್ದು. ಮೈಸೂರು ಕಡೆ ಬರೀ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಒಂದು ಖಾನೆ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ ಬಂದು ಕೂರುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರರ್ಥ. ಮಂಜುನಾಥನ ಕೊನೆಗೆ ಎ ಇದೆಯೋ ಇಲ್ಲವೋ, ಲಕ್ಷ್ಮಿಗೆ ಕೆಎಸ್‌ಎಚ್ ಇದೆಯೋ ಎಕ್ಸ್ ಇದೆಯೋ, ಯಂತ್ರಕ್ಕೆ ಅವೆಲ್ಲ ಬೇರೆ ಬೇರೆ ಮನುಷ್ಯರೇ. ತಂಗಿಯ ದಾಖಲೆಯಲ್ಲಿ ಅಪ್ಪನ ಹೆಸರು ಅಡ್ಡಹೆಸರಾಗಿತ್ತು, ಅಡ್ಡಹೆಸರು ನಡುಹೆಸರಾಗಿತ್ತು, ಒಂದು ಅಕ್ಷರವೂ ಬಿಟ್ಟುಹೋಗಿತ್ತು. ಗಂಡನ ಹೆಸರು ಹಾಕಿ, ವರ್ಷ ಹಾಕಿ ಹುಡುಕಿದ ಮೇಲೆ ಪ್ರಕರಣದ ಸಂಖ್ಯೆ ಸಿಕ್ಕಿತು. ತೀರ್ಪಿನ ದಿನಾಂಕ ಅಲ್ಲೇ ಇತ್ತು. ಸ್ಕ್ರೀನ್‌ಶಾಟ್ ಕಳಿಸಿದೆ. ಕಾಕಾ ಉತ್ತರ ಬರೆಯಲಿಲ್ಲ, ಫೋನೂ ಮಾಡಲಿಲ್ಲ. ಮರುದಿನ ಕಾಕು ಫೋನ್ ಮಾಡಿ, "ನಿನ್ನೆ ರಾತ್ರಿ ಹೊಟ್ಟಿ ತುಂಬ ಊಟ ಮಾಡಿದ್ರಪ ನಿಮ್ಮ ಕಾಕಾ" ಎಂದರು.

ಸಂಖ್ಯೆ ಸಿಕ್ಕರೆ ಕಾಗದ ಸಿಕ್ಕಂತಲ್ಲ. ಅಂಚೆಯಲ್ಲಿ ಕೇಳಬಹುದು, ಆದರೆ ಶುಲ್ಕಕ್ಕೆ ಅಲ್ಲಿನ ಚೆಕ್ ಅಥವಾ ಮನಿ ಆರ್ಡರ್ ಬೇಕು, ಉತ್ತರಕ್ಕೆ ಅಲ್ಲಿನ ಸ್ಟ್ಯಾಂಪ್ ಹಚ್ಚಿದ ಲಕೋಟೆ ಬೇಕು. ಅಮೆರಿಕದ ಸ್ಟ್ಯಾಂಪ್ ಪುಣೆಯಲ್ಲಿ ಎಲ್ಲಿ ತರುವುದು? ಕೊನೆಗೆ ಸುರತ್ಕಲ್‌ನಲ್ಲಿ ನನ್ನ ಜತೆ ಎಂಟೆಕ್ ಓದಿದ ಗೆಳೆಯನೊಬ್ಬ ಅರ್ಧ ದಿನ ರಜೆ ಹಾಕಿ ಹೋದ. ಟೆಕ್ಸಾಸ್‌ನಲ್ಲಿ ವಿಚ್ಛೇದನದ ದಾಖಲೆ ಇಡುವುದು ಕೌಂಟಿಯ ಡಿಸ್ಟ್ರಿಕ್ಟ್ ಕ್ಲರ್ಕ್. ಅಲ್ಲಿ ಸಾಮಾನ್ಯವಾಗಿ ಈ ಕಡತಗಳು ಸಾರ್ವಜನಿಕ. ಹಾಗಾಗಿ ಅವನು ಕೇಳಿದಾಗ ಕೊಟ್ಟರು.

ನ್ಯೂಯಾರ್ಕ್ ಆಗಿದ್ದರೆ ಈ ದಾರಿ ಮುಚ್ಚಿತ್ತು. ಅಲ್ಲಿ ವಿಚ್ಛೇದನ ಕೊಡುವ ಕೋರ್ಟಿನ ಹೆಸರೇ ಸುಪ್ರೀಂ ಕೋರ್ಟ್. ಹೆಸರು ಕೇಳಿ ಬೆಚ್ಚಬೇಡಿ, ಅದು ವಿಚಾರಣಾ ನ್ಯಾಯಾಲಯ. ಕಡತ ಇರುವುದು ಕೌಂಟಿ ಕ್ಲರ್ಕ್ ಬಳಿ. ಗಂಡ, ಹೆಂಡತಿ, ಅವರ ವಕೀಲರು ಬಿಟ್ಟರೆ ಕೋರ್ಟಿನ ಆದೇಶವಿಲ್ಲದೆ ಬೇರೆಯವರಿಗೆ ತೋರಿಸುವಂತಿಲ್ಲ. ಬೇರೊಬ್ಬರನ್ನು ಕಳಿಸಬೇಕಾದರೆ ನೋಟರಿ ಮಾಡಿಸಿದ ಅಧಿಕಾರ ಪತ್ರ ಕೊಡಬೇಕು. ಹೈದರಾಬಾದ್, ಮುಂಬೈ, ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ಗಳಲ್ಲಿ ನೋಟರಿ ಸೇವೆ ಇದೆ. ಒಂದು ಮುದ್ರೆಗೆ 50 ಡಾಲರ್. ಕ್ಯಾಲಿಫೋರ್ನಿಯಾದ್ದು ಇವೆರಡರ ನಡುವಿನ ದಾರಿ. ಕೌಟುಂಬಿಕ ಪ್ರಕರಣಗಳ ಸೂಚಿಯನ್ನು ಅಂತರ್ಜಾಲದಲ್ಲಿ ನೋಡಬಹುದು, ಒಳಗಿನ ಕಾಗದಗಳನ್ನು ನೋಡಲು ಮಾತ್ರ ಕೋರ್ಟಿಗೇ ಹೋಗಬೇಕು. ಅಮೆರಿಕದಲ್ಲಿ ಎಲ್ಲಾ ಆನ್‌ಲೈನ್ ಎಂದು ನಂಬಿದವರಿಗೆ ಇದೇ ಮೊದಲ ಪಾಠ.

ಇನ್ನು ನಮ್ಮ ಕಡೆಯ ಪಾಠ. ವಿದೇಶದ ಡಿಕ್ರಿ ಇಲ್ಲಿ ತನ್ನಷ್ಟಕ್ಕೆ ತಾನೇ ಚಲಾವಣೆಯಾಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಂ ಯಾವ ವಿದೇಶಿ ತೀರ್ಪು ಇಲ್ಲಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಹೇಳುತ್ತದೆ. ಇದನ್ನು ಮದುವೆಯ ವಿಷಯಕ್ಕೆ ಬಿಡಿಸಿ ಹೇಳಿದ್ದು 1991ರಲ್ಲಿ ಸುಪ್ರೀಂ ಕೋರ್ಟ್, ನರಸಿಂಹರಾವ್ ಪ್ರಕರಣ ಎಂದು ವಕೀಲರು ಕರೆಯುವ ತೀರ್ಪಿನಲ್ಲಿ. ತಿರುಪತಿಯಲ್ಲಿ ಆದ ಮದುವೆಗೆ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ಕೋರ್ಟಿನಿಂದ ವಿಚ್ಛೇದನ ತಂದ ಪ್ರಕರಣ ಅದು. ನಮ್ಮ ಕಾಗದದ ಕಥೆಗೂ ಅದಕ್ಕೂ ನೇರ ಸಂಬಂಧವಿದೆ. ಹಾಜರುಪಡಿಸಿದ ಪ್ರತಿಯ ಮೇಲೆ ಅಲ್ಲಿನ ಕ್ಲರ್ಕ್ ಕಚೇರಿಯ ದೃಢೀಕರಣ ಇತ್ತು. ಆದರೂ ಸಾಕ್ಷ್ಯ ಕಾಯ್ದೆಯ ಪ್ರಕಾರ ಬೇಕಿದ್ದ ಇನ್ನೊಂದು ದೃಢೀಕರಣ, ಅಂದರೆ ಆ ದೇಶದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯದು, ಇಲ್ಲವೆಂಬ ಕಾರಣಕ್ಕೆ ಅದನ್ನು ಸಾಕ್ಷ್ಯವಾಗಿ ಒಪ್ಪಲಾಗದು ಎಂದಿತು ನ್ಯಾಯಾಲಯ. ಫೋನಿನಲ್ಲಿರುವ ಫೋಟೋ ಎಲ್ಲಿ ನಿಲ್ಲುತ್ತದೆ ಎಂದು ನೀವೇ ಯೋಚಿಸಿ.

ಈಗ ಹೇಗ್ ಒಪ್ಪಂದದ ಅಪೊಸ್ಟಿಲ್ ಮುದ್ರೆಯ ಕಾಲ. ಅಮೆರಿಕ 1981ರಿಂದ, ಭಾರತ 2005ರಿಂದ ಆ ಒಪ್ಪಂದದಲ್ಲಿವೆ. ಕೌಂಟಿಯ ಪ್ರತಿಗೆ ಆ ಮುದ್ರೆ ಹಾಕುವುದು ಕೌಂಟಿಯಲ್ಲ, ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಟೆಕ್ಸಾಸ್‌ನದು ಆಸ್ಟಿನ್‌ನಲ್ಲಿ. ಗೆಳೆಯ ಅಲ್ಲಿಗೆ ಅಂಚೆಯಲ್ಲಿ ಕಳಿಸಿದ, ಮುದ್ರೆ ಬಿದ್ದು ವಾಪಸ್ ಬಂದ ಮೇಲೆ ಪುಣೆಗೆ ಕೊರಿಯರ್ ಮಾಡಿದ. ಹನ್ನೊಂದರಲ್ಲಿ ಹೆಚ್ಚಿನ ವಾರಗಳು ಕಳೆದದ್ದು ಈ ಓಡಾಟದಲ್ಲೇ.

ಅದೇ 1991ರ ತೀರ್ಪು ಇನ್ನೊಂದು ಮಾತು ಹೇಳಿದೆ, ಅದು ಹೆಣ್ಣುಮಕ್ಕಳ ಮಟ್ಟಿಗೆ ಬಹಳ ಮುಖ್ಯ. ನೀವು ಯಾವ ಕಾನೂನಿನಡಿ ಮದುವೆಯಾದಿರೋ ಆ ಕಾನೂನು ಒಪ್ಪುವ ಕೋರ್ಟು, ಅದು ಒಪ್ಪುವ ಕಾರಣದ ಮೇಲೆ ಕೊಟ್ಟ ವಿಚ್ಛೇದನವನ್ನೇ ಇಲ್ಲಿ ಮಾನ್ಯ ಮಾಡಲಾಗುತ್ತದೆ. ಕೆಲವು ವಿನಾಯಿತಿಗಳಿವೆ. ಎದುರು ಪಕ್ಷದವರು ಅಲ್ಲೇ ಕಾಯಂ ಆಗಿ ನೆಲೆಸಿದ್ದು, ನಮ್ಮ ಕಾನೂನಿನಲ್ಲೂ ಇರುವ ಕಾರಣದ ಮೇಲೆ ವಿಚ್ಛೇದನವಾಗಿದ್ದರೆ. ಅವರು ಸ್ವಇಚ್ಛೆಯಿಂದ ಆ ಕೋರ್ಟಿಗೆ ಹಾಜರಾಗಿ ಅಂಥ ಕಾರಣದ ಮೇಲಿನ ಅರ್ಜಿಯನ್ನು ಎದುರಿಸಿದ್ದರೆ. ಅಥವಾ ಅವರು ವಿಚ್ಛೇದನಕ್ಕೆ ಒಪ್ಪಿಗೆ ಕೊಟ್ಟಿದ್ದರೆ. ಗಂಡ ಅಲ್ಲಿ ಏಕಪಕ್ಷೀಯವಾಗಿ ಡಿಕ್ರಿ ತಂದು ಊರಲ್ಲಿರುವ ಹೆಂಡತಿಗೆ ವಾಟ್ಸ್‌ಆ್ಯಪ್ ಮಾಡಿದರೆ ಅದು ಇಲ್ಲಿ ನಿಲ್ಲುವುದು ಕಷ್ಟ. ಒಪ್ಪಂದದ ಸಂಬಂಧ ಒಡೆದಂತೆ ಇನ್ನು ಕೂಡಿ ಬಾಳಲಾಗದು ಎಂಬ ಕಾರಣ ಅಲ್ಲಿ ಸಾಕು. ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ಕಾರಣ ಇಲ್ಲ.

ಹೀಗಾಗಿ ಡಿಕ್ರಿ ಒಂದೇ ತಂದರೆ ಸಾಲದು ಎಂದರು ನಮ್ಮ ವಕೀಲರು. ಮೂಲ ಅರ್ಜಿ, ಅದಕ್ಕೆ ಕೊಟ್ಟ ಉತ್ತರ ಅಥವಾ ಸಮನ್ಸ್ ಬೇಡವೆಂದು ಬರೆದುಕೊಟ್ಟ ಪತ್ರ, ಒಪ್ಪಿಗೆಯ ಸಹಿ ಇರುವ ಪುಟ, ಇವೆಲ್ಲದರ ದೃಢೀಕೃತ ಪ್ರತಿ ಬೇಕು. ಇಬ್ಬರೂ ಒಪ್ಪಿದ್ದರು ಎಂದು ತೋರಿಸುವುದು ಅವೇ. ತಂಗಿಯ ಕಡತದಲ್ಲಿ ಅದೃಷ್ಟಕ್ಕೆ ಎಲ್ಲವೂ ಇದ್ದವು. ಗೆಳೆಯ ಒಂದೇ ಸಲಕ್ಕೆ ಎಲ್ಲವನ್ನೂ ತಂದಿದ್ದು ನಮ್ಮ ಪುಣ್ಯ. ಒಪ್ಪಿಗೆ ಸ್ಪಷ್ಟವಿಲ್ಲದ ಪ್ರಕರಣಗಳಲ್ಲಿ ಇಲ್ಲಿನ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ ತನ್ನ ವೈವಾಹಿಕ ಸ್ಥಿತಿ ಏನೆಂದು ಘೋಷಣೆ ಪಡೆಯುವ ದಾರಿ ಇದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಅದಕ್ಕೆ ಅವಕಾಶ ಕೊಡುತ್ತದೆ. ಆಗಲೂ ಮೊದಲು ಬೇಕಾಗುವುದು ಆ ಕೌಂಟಿಯ ಕಾಗದಗಳೇ.

ಕಾಗದ ಬಂದ ಭಾನುವಾರ ತಂಗಿ ನಮ್ಮ ಮನೆಗೆ ಬಂದಿದ್ದಳು. ಇಪ್ಪತ್ತಕ್ಕೂ ಹೆಚ್ಚು ಪುಟಗಳ ಡಿಕ್ರಿ. ಕೊನೆಯ ಪುಟದಲ್ಲಿ ಅವಳ ಸಹಿ. ಅಷ್ಟೂ ಪುಟಗಳನ್ನು ಅವಳು ಓದಿದ್ದು ಅದೇ ಮೊದಲು. "ಅವತ್ತು ಎಲ್ಲಿ ಸಹಿ ಮಾಡಬೇಕಂತ ತೋರಿಸಿದ್ರು, ಮಾಡಿದೆ" ಎಂದಳು. ಓದುತ್ತಾ ಓದುತ್ತಾ ಒಂದು ಕಡೆ ನಿಂತಳು. ಗಂಡನ ಕಂಪನಿಯ ನಿವೃತ್ತಿ ಖಾತೆಯಲ್ಲಿ, ಮದುವೆಯ ಅವಧಿಯಲ್ಲಿ ಜಮೆಯಾದ ಹಣದ ಒಂದು ಪಾಲು ಹೆಂಡತಿಗೆ ಸೇರತಕ್ಕದ್ದು ಎಂದಿತ್ತು. ಟೆಕ್ಸಾಸ್‌ನಲ್ಲಿ ಮದುವೆಯ ನಂತರ ಗಳಿಸಿದ್ದು ಇಬ್ಬರ ಸ್ವತ್ತು. ಆದರೆ ಆ ಪಾಲು ಕೈಗೆ ಬರಲು ಖಾತೆ ನೋಡಿಕೊಳ್ಳುವವರಿಗೆ ಕೋರ್ಟಿನ ಪ್ರತ್ಯೇಕ ಆದೇಶ ಹೋಗಬೇಕು. ಅದನ್ನು ಯಾರೂ ಮಾಡಿಸಿರಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ಈಗ ಅಲ್ಲಿನ ವಕೀಲರೊಬ್ಬರು ಅದನ್ನು ನೋಡುತ್ತಿದ್ದಾರೆ. ಹಣ ಬರುತ್ತದೋ ಇಲ್ಲವೋ, ಬೇರೆ ಮಾತು. ತನಗೆ ಸಲ್ಲಬೇಕಾದ್ದೊಂದು ಇಷ್ಟು ವರ್ಷ ಒಂದು ಕಡತದಲ್ಲಿ ಕೂತಿತ್ತು, ತಾನು ಮಾತ್ರ ಮುಖ ಮುಚ್ಚಿಕೊಂಡು ತಿರುಗುತ್ತಿದ್ದೆ ಎಂಬುದು ಅವಳನ್ನು ಬಹಳ ಹೊತ್ತು ಸುಮ್ಮನಾಗಿಸಿತು.

ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ನಾವು ವಿಚ್ಛೇದನದ ಕಾಗದವನ್ನು ಸಾವಿನ ಮನೆಯ ಸಾಮಾನಿನಂತೆ ಕಾಣುತ್ತೇವೆ. ಮನೆಯಲ್ಲಿ ಇಡಬಾರದು, ನೋಡಬಾರದು, ಕೇಳಬಾರದು. ಹೊಲದ ಉತಾರ, ಮನೆಯ ಖರೀದಿ ಪತ್ರ, ಹತ್ತನೇ ತರಗತಿಯ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಹಾಕಿಸಿ ಕಪಾಟಿನಲ್ಲಿಡುವ ನಾವು, ಒಬ್ಬ ಹೆಣ್ಣುಮಗಳ ಮುಂದಿನ ಬದುಕಿನ ಬೀಗದ ಕೈಯನ್ನು ಅಟ್ಟಕ್ಕೆ ಎಸೆಯುತ್ತೇವೆ. ಮರ್ಯಾದೆ ಉಳಿಸಲು ಎಂದು ಮಾಡುವ ಈ ಕೆಲಸದ ಬೆಲೆಯನ್ನು ಹೆಚ್ಚಾಗಿ ಕಟ್ಟುವವರು ಹೆಣ್ಣುಮಕ್ಕಳು. ಅಲ್ಲಿಯೇ ಉಳಿದ ಗಂಡನಿಗೆ ಕೌಂಟಿ ಕೋರ್ಟು ಅರ್ಧ ಗಂಟೆಯ ದಾರಿ. ಊರಿಗೆ ಬಂದ ಹೆಂಡತಿಗೆ ಅದು ಏಳು ಸಮುದ್ರದಾಚೆ.

ನಮ್ಮ ಕಾನೂನೇ ಈ ವಿಷಯದಲ್ಲಿ ನಮಗಿಂತ ಉದಾರವಾಗಿದೆ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ವಿಚಾರಣೆ ಗುಟ್ಟಾಗಿ ನಡೆಯಬೇಕು, ಅದನ್ನು ಪ್ರಕಟಿಸಬಾರದು ಎನ್ನುತ್ತದೆ. ಅದೇ ಕಾಯ್ದೆಯ 23ನೇ ಕಲಂ ವಿಚ್ಛೇದನ ಕೊಟ್ಟ ಕೋರ್ಟು ಡಿಕ್ರಿಯ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕು ಎನ್ನುತ್ತದೆ. ಅಂದರೆ ಊರಿಗೆ ಡಂಗುರ ಸಾರುವುದು ಬೇಡ, ಆದರೆ ನಿಮ್ಮ ಕಾಗದ ನಿಮ್ಮ ಕೈಯಲ್ಲಿರಲಿ. ಇದಕ್ಕಿಂತ ಹದವಾದ ಮಾತು ಇನ್ನೇನಿದೆ? ಧಾರವಾಡದಲ್ಲೋ ಮೈಸೂರಿನಲ್ಲೋ ವಿಚ್ಛೇದನವಾಗಿ ಈಗ ಚೆನ್ನೈ, ದೆಹಲಿಯಲ್ಲಿರುವವರೂ ಆ ಪ್ರತಿ ಎಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ.

ಇನ್ನೊಂದು ವಿಷಯ. ತಂಗಿಯ ಕಾಗದ ತಂದ ಸುದ್ದಿ ಬಳಗದಲ್ಲಿ ಹರಡಿದ ಮೇಲೆ ನಾನು ಪತ್ತೇದಾರನಾಗಿಬಿಟ್ಟೆ. ದೂರದ ಸಂಬಂಧಿಯೊಬ್ಬರು ಫೋನ್ ಮಾಡಿ, ತಮ್ಮ ಮಗಳಿಗೆ ನೋಡಿದ ಕ್ಯಾಲಿಫೋರ್ನಿಯಾದ ಹುಡುಗನಿಗೆ ಮೊದಲೊಂದು ಮದುವೆ ಆಗಿ ಮುರಿದಿದೆಯಂತೆ, ನಿಜವಾಗಿ ಮುರಿದಿದೆಯೋ ನೋಡಿ ಹೇಳು ಎಂದರು. ಅವರ ಆತಂಕ ಸುಳ್ಳಲ್ಲ. ಆದರೆ ನಾನು ಒಪ್ಪಲಿಲ್ಲ. ಸೂಚಿಯಲ್ಲಿ ಒಂದು ಹೆಸರು ಕಂಡರೆ ಅದು ಅವನದೇ ಎಂದು ಹೇಗೆ ಹೇಳುವುದು? ಕಾಣದಿದ್ದರೆ ಇಲ್ಲವೆಂದು ಹೇಗೆ ಹೇಳುವುದು? ಒಂದು ಅಕ್ಷರದ ತಪ್ಪಿಗೆ ನಮ್ಮ ಮನೆಯಲ್ಲಿ ಒಂದು ರಾತ್ರಿ ಹೇಗೆ ಕಳೆಯಿತು ಎಂದು ಕಂಡವನು ನಾನು. "ಕದ್ದು ನೋಡಬೇಡಿ, ನೇರವಾಗಿ ಕೇಳಿ. ಅಪೊಸ್ಟಿಲ್ ಆದ ಪ್ರತಿ ತೋರಿಸಿ ಅನ್ನಿ" ಎಂದೆ. ಹಾಗೆ ಕೇಳುವುದು ಅಪಮಾನವಲ್ಲವೇ ಎಂದರು. ಜಾತಕ ಕೇಳುತ್ತೀರಿ, ಸಂಬಳದ ಸ್ಲಿಪ್ ಕೇಳುತ್ತೀರಿ, ಇದರಲ್ಲೇನು ಅಪಮಾನ ಎಂದೆ. ಕೇಳಿದರು. ಹುಡುಗ ವಾರದೊಳಗೆ ಪ್ರತಿ ಕಳಿಸಿದ. ಮುಚ್ಚಿಡಲು ಏನೂ ಇಲ್ಲದವರಿಗೆ ಕೇಳಿದರೆ ನೋವಾಗುವುದಿಲ್ಲ, ಹಿಂದಿನಿಂದ ಹುಡುಕಿದರು ಎಂದು ತಿಳಿದರೆ ಆಗುತ್ತದೆ. ಹಾಗೆಯೇ ಹುಡುಗನ ಕಡೆಯವರು ಕೇಳಿದಾಗ ಹುಡುಗಿಯ ಕಡೆಯವರೂ ತೋರಿಸಬೇಕು. ತಂಗಿಯ ಭಾವಿ ಅತ್ತೆ ಮೊದಲ ದಿನವೇ ಸಂಕೋಚದಿಂದ ಕೇಳಿದ್ದರು. ಅಂದು ನಮ್ಮ ಕಾಕಾ ಮುನಿಸಿಕೊಂಡಿದ್ದರು. ಈಗ ಆ ಮುನಿಸು ಇಲ್ಲ.

ಪುಣೆ, ಹೈದರಾಬಾದ್‌ಗಳಲ್ಲಿ ನನ್ನಂತೆಯೇ ಹೊರದೇಶದ ಪ್ರಾಜೆಕ್ಟ್ ಮುಗಿಸಿ ಬಂದವರು ಸಾಕಷ್ಟಿದ್ದಾರೆ. ಅವರಲ್ಲಿ ಕೆಲವರು ಸಂಸಾರ ಮುಗಿಸಿಕೊಂಡೂ ಬಂದಿದ್ದಾರೆ. ಅಂಥವರಿಗೂ, ಅಂಥ ದಾರಿಯಲ್ಲಿರುವವರಿಗೂ ನಾನು ಹೇಳುವುದು ಇಷ್ಟು. ಸಹಿ ಹಾಕುವ ಮೊದಲು ಡಿಕ್ರಿಯ ಪ್ರತಿ ಪುಟ ಓದಿ. ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇದೆಯೇ ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಪ್ರಕರಣದ ಸಂಖ್ಯೆ ಮತ್ತು ಕೌಂಟಿಯ ಹೆಸರನ್ನು ನಿಮ್ಮ ಇಮೇಲ್‌ಗೆ ನೀವೇ ಬರೆದುಕೊಳ್ಳಿ. ವಿಮಾನ ಹತ್ತುವ ಮೊದಲು ಡಿಕ್ರಿಯಷ್ಟೇ ಅಲ್ಲ, ಅರ್ಜಿ ಮತ್ತು ಒಪ್ಪಿಗೆ ಪತ್ರಗಳದ್ದೂ ಮೂರು ದೃಢೀಕೃತ ಪ್ರತಿ ತೆಗೆಸಿ ಅಪೊಸ್ಟಿಲ್ ಮಾಡಿಸಿ. ಒಂದನ್ನು ಬ್ಯಾಂಕಿನ ಲಾಕರ್‌ನಲ್ಲಿಡಿ, ಒಂದನ್ನು ಅಪ್ಪ ಅಮ್ಮನ ಬಳಿ. ಊರಿಗೆ ಬಂದ ಮೇಲೆ, ಮದುವೆ ಮಾತು ಬರುವ ಮೊದಲೇ, ಒಬ್ಬ ವಕೀಲರಿಗೆ ತೋರಿಸಿ ಇದು ಇಲ್ಲಿ ನಿಲ್ಲುತ್ತದೆಯೇ ಎಂದು ಕೇಳಿ.

ಹೊರನಾಡಿನ ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ನವೆಂಬರ್‌ನಲ್ಲಿ ನಾವು ನೃತ್ಯ, ಹಾಡು, ಊಟ ಎಲ್ಲ ಇಟ್ಟುಕೊಳ್ಳುತ್ತೇವೆ. ಒಂದು ಭಾನುವಾರ ಬೆಳಗ್ಗೆ ಒಬ್ಬ ವಕೀಲರನ್ನು ಕರೆದು ಮದುವೆ, ವಿಚ್ಛೇದನ, ಉಯಿಲು, ವಾರಸುದಾರಿಕೆಯ ಕಾಗದಗಳ ಬಗ್ಗೆ ಕನ್ನಡದಲ್ಲಿ ಮಾತಾಡಿಸಿದರೆ ಏನು ನಷ್ಟ? ಊರಿನಲ್ಲಿದ್ದರೆ ಪಕ್ಕದ ಮನೆಯ ಗುಮಾಸ್ತರೋ ಸೋದರಮಾವನೋ ದಾರಿ ಹೇಳುತ್ತಿದ್ದರು. ಇಲ್ಲಿ ನಮಗೆ ಯಾರಿದ್ದಾರೆ? ಆ ಸಭೆಗೆ ಬಂದವರೆಲ್ಲ ವಿಚ್ಛೇದಿತರು ಎಂದು ಯಾರೂ ತಿಳಿಯುವುದಿಲ್ಲ. ತಿಳಿದರೂ ತಿಳಿಯಲಿ.

ತಂಗಿಯ ಮದುವೆ ಫೆಬ್ರುವರಿಯಲ್ಲಿ ಆಯಿತು. ನೋಂದಣಿ ಕಚೇರಿಯ ಸಿಬ್ಬಂದಿ ಆ ಡಿಕ್ರಿಯನ್ನು ಎರಡು ನಿಮಿಷ ತಿರುವಿ ನೋಡಿ, ಅಪೊಸ್ಟಿಲ್ ಮುದ್ರೆ ಇದೆಯೇ ಎಂದು ಪರೀಕ್ಷಿಸಿ ಪಕ್ಕಕ್ಕಿಟ್ಟರು. ಹನ್ನೊಂದು ವಾರದ ಪರದಾಟಕ್ಕೆ ಎರಡು ನಿಮಿಷ. ಕಾಕಾ ಆ ಎರಡು ನಿಮಿಷವೂ ಎದ್ದು ನಿಂತೇ ಇದ್ದರು. ಊಟ ಮುಗಿದ ಮೇಲೆ ಕಾಕು ಆ ಫೈಲನ್ನು ಕೇಳಿ ಪಡೆದುಕೊಂಡರು. ಮತ್ತೆ ಅಟ್ಟಕ್ಕೆ ಹಾಕುತ್ತಾರೇನೋ ಎಂದು ನಾನು ಅಳುಕಿದೆ. ಮೊನ್ನೆ ಹುಬ್ಬಳ್ಳಿಗೆ ಹೋದಾಗ ನೋಡಿದೆ. ಟ್ರೆಜರಿಯಲ್ಲಿ, ಮನೆಯ ಖರೀದಿ ಪತ್ರದ ಪಕ್ಕದಲ್ಲೇ ಇತ್ತು.